ಆರು ಮುಂಚೆ ಏಳು

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಠಾಣೆಗೆ ಬಂದ ಹೆಂಗಸು, ಕುರ್ಚಿ ತೋರಿಸಿದರೂ ಕೂರಲಿಲ್ಲ. ನಲವತ್ತರ ಆಸುಪಾಸಿನ ವಯಸ್ಸು, ಬಾಚದ ಕೂದಲು, ನಿದ್ದೆ ಕಾಣದ ಕಣ್ಣು. ದೂರು ಬರೆದುಕೊಳ್ಳುವ ಮೇಜಿನ ಹಿಂದೆ ಹೆಡ್ ಕಾನ್‌ಸ್ಟೆಬಲ್ ಕೂತಿದ್ದರು. ಠಾಣೆಯ ಚಿಕ್ಕವರು ದೊಡ್ಡವರೆಲ್ಲ ಅವರನ್ನು ದೊಡ್ಡಪ್ಪ ಎಂದೇ ಕರೆಯುವುದು. ಅವರಿಗೆ ಬೇರೊಂದು ಹೆಸರಿದೆ ಎಂಬುದು ಸಂಬಳದ ದಿನ ಮಾತ್ರ ನೆನಪಾಗುತ್ತದೆ.

“ನನ್ನ ದೀಪದ ಮನೆಗೆ ಯಾರೋ ಬೀಗ ಹಾಕಿದಾರೆ ಸಾರ್.”

“ಮನೆ ಎಲ್ಲಿದೆ ಅಮ್ಮಾ?”

“ಸಮುದ್ರದ ಮಧ್ಯದಲ್ಲಿ.”

“ಅದು ನಮ್ಮ ಠಾಣೆ ವ್ಯಾಪ್ತಿಗೆ ಬರಲ್ಲ.”

“ಬರತ್ತೆ. ಸಮುದ್ರ ನಮ್ಮ ಆಫೀಸಲ್ಲೇ ಇದೆ. ಎರಡನೇ ಮಹಡಿ.”

ದೊಡ್ಡಪ್ಪ ಪೆನ್ನು ಕೆಳಗಿಟ್ಟು ಇನ್‌ಸ್ಪೆಕ್ಟರ್ ಕೋಣೆಯ ಕಡೆ ನೋಡಿದರು. ಇಂಥ ದೂರುಗಳನ್ನು ನಯವಾಗಿ ಮನೆಗೆ ಕಳಿಸುವುದರಲ್ಲಿ ಅವರು ಪಳಗಿದ ಕೈ. ಆದರೆ ಅಷ್ಟರಲ್ಲಿ ಇನ್‌ಸ್ಪೆಕ್ಟರೇ ಬಾಗಿಲಿಗೆ ಬಂದು ನಿಂತಿದ್ದರು. ಹದಿನಾರು ವರ್ಷದ ನೌಕರಿಯಲ್ಲಿ ಸರಗಳ್ಳತನ, ಸೈಟಿನ ಜಗಳ, ಕುಡಿದು ಹೊಡೆದಾಡಿದ ಭಾವ-ಮೈದುನರು, ಇವನ್ನೇ ನೋಡಿ ನೋಡಿ ಬೇಸತ್ತ ಆ ಮಹಿಳಾ ಅಧಿಕಾರಿಗೆ ‘ಆಫೀಸಿನಲ್ಲಿ ಸಮುದ್ರ’ ಎಂಬ ಮಾತು ಕೇಳಿದ್ದೇ ಕಿವಿ ನೆಟ್ಟಗಾಗಿತ್ತು.

“ಒಳಗೆ ಬನ್ನಿ. ಮೊದಲಿಂದ ಹೇಳಿ,” ಎಂದರು.

ದೂರುದಾರರು ಒಂದು ಪುಟ್ಟ ಕಂಪನಿಯ ಒಡತಿ. ನಾಲ್ಕು ವರ್ಷ ಕೂತು ಅವರ ಕಂಪನಿ ಒಂದೇ ಒಂದು ಆಟ ಕಟ್ಟಿತ್ತು. ಹೆಸರು ‘ಒಂಟಿ ದೀಪ’. ತಲೆಗೆ ಹೆಡ್‌ಸೆಟ್ ಹಾಕಿಕೊಂಡರೆ ಕೂತ ಕೋಣೆ ಮಾಯವಾಗಿ ಸುತ್ತ ಸಮುದ್ರ, ಮಂಜು, ನಡುವೆ ಒಂದು ದೀಪಸ್ತಂಭ. ದೀಪ ಕಾಯುವವನು ಕಾಣೆಯಾಗಿದ್ದಾನೆ. ಆಡುವವರು ಒಳಗೆಲ್ಲ ಓಡಾಡಿ, ಮುಟ್ಟಿ, ಹುಡುಕಿ, ಅವನಿಗೆ ಏನಾಯಿತೆಂದು ಕಂಡುಹಿಡಿಯಬೇಕು. ಈ ಶುಕ್ರವಾರ ಮಧ್ಯಾಹ್ನದೊಳಗೆ ಆಟವನ್ನು ಮಾರುವ ಕಂಪನಿಗೆ ಒಪ್ಪಿಸಬೇಕು. ತಪ್ಪಿದರೆ ಕರಾರು ಮುರಿದಂತೆ, ಕಂಪನಿ ಮುಚ್ಚಿದಂತೆ.

“ಆಟ ಇರೋದು ಎರಡು ಡಿಸ್ಕಿನಲ್ಲಿ. ಒಂದು ಅಸಲು, ಇನ್ನೊಂದು ಅದರ ಪ್ರತಿ. ಎರಡೂ ಬೀರುವಿನಲ್ಲಿದ್ದವು. ಭಾನುವಾರ ಯಾರೋ ಅವನ್ನ ತಗೊಂಡು, ಅದೇ ಥರದ ಬೇರೆ ಎರಡು ಇಟ್ಟಿದಾರೆ. ಸೋಮವಾರ ಹಾಕಿ ನೋಡಿದ್ರೆ ಆಟ ಅರ್ಧದವರೆಗೆ ನಮ್ಮದೇ. ಆಮೇಲೆ ದೀಪದ ಕೋಣೆಗೆ ಹೋಗೋ ಬಾಗಿಲು ಮುಚ್ಚಿದೆ. ನಾವು ಅಲ್ಲಿ ಬಾಗಿಲೇ ಇಟ್ಟಿರ್ಲಿಲ್ಲ. ಬಾಗಿಲ ಹತ್ರ ಹೋದ್ರೆ ಒಂದು ಮುದುಕಿ ದನಿ ಬರತ್ತೆ. ಅದೂ ನಮ್ಮದಲ್ಲ.”

“ಏನು ಹೇಳ್ತಾಳೆ?”

“ಆರು ಮುಂಚೆ ಏಳು.”

ಎಫ್‌ಐಆರ್ ದಾಖಲಾಯಿತು. ಕಳವು, ನಂಬಿಕೆದ್ರೋಹ. ಅಂಕಿಗಳನ್ನು ಅಂಕಿಯಲ್ಲೇ ಬರೆಯಬೇಕೆಂಬುದು ದೊಡ್ಡಪ್ಪನವರ ಮೂವತ್ತು ವರ್ಷದ ಶಿಸ್ತು. ಅದರಂತೆ ಅವರು ದುಂಡಗೆ ಬರೆದರು: ‘ಸದರಿ ಬಾಗಿಲ ಬಳಿ 6 ಮುಂಚೆ 7 ಎಂದು ವೃದ್ಧ ಸ್ತ್ರೀ ದನಿ ಕೇಳಿಬರುವುದಾಗಿ ಪಿರ್ಯಾದಿ ತಿಳಿಸಿರುತ್ತಾರೆ.’ ಈ ದುಂಡಗಿನ ಶಿಸ್ತು ಠಾಣೆಗೆ ಒಂದಿಡೀ ದಿನವನ್ನು ದಂಡ ಹಾಕಿಸಿತು.

ಕಂಪನಿ ಇದ್ದದ್ದು ಒಬ್ಬ ದರ್ಜಿಯ ಅಂಗಡಿ ಮತ್ತು ಒಂದು ಕನ್ನಡಕದ ಅಂಗಡಿಯ ಮೇಲೆ. ಕಪ್ಪು ಜಮಖಾನೆ ಹಾಸಿದ ಉದ್ದನೆಯ ಕೋಣೆ, ನೆಲದ ಮೇಲೆ ಹಳದಿ ಟೇಪಿನಿಂದ ಎಳೆದ ದೊಡ್ಡ ಚೌಕ, ಮೇಜುಗಳ ಮೇಲೆ ತಳದಲ್ಲಿ ಕಾಫಿ ಒಣಗಿದ ಲೋಟಗಳು. ಬೀರುವಿನ ಬೀಗ ಒಡೆದಿರಲಿಲ್ಲ. ಕೀಲಿ ಇದ್ದದ್ದು ಮೂವರ ಬಳಿ. ಒಬ್ಬರು ಒಡತಿ. ಇನ್ನೊಬ್ಬ ಪ್ರೋಗ್ರಾಂ ಬರೆಯುವವನು, ಮೈಮೇಲೆ ಮಾಂಸವಿಲ್ಲದ ಕಾರಣ ‘ಕಡ್ಡಿ’ ಅನ್ನಿಸಿಕೊಂಡವನು. ಮೂರನೆಯವನು ಆಟಕ್ಕೆ ಸದ್ದು ಕೂಡಿಸುವವನು. ಅವನ ಅಡ್ಡಹೆಸರು ‘ಕಿವಿ’. ತಾಯಿಗೆ ಆಪರೇಷನ್ ಆಗಿದೆಯೆಂದು ಅವನು ಸೋಮವಾರದಿಂದ ರಜೆಯಲ್ಲಿದ್ದ.

“ನಾನೇ ಒಳಗೆ ಹೋಗಿ ನೋಡ್ತೀನಿ,” ಎಂದರು ಇನ್‌ಸ್ಪೆಕ್ಟರ್. ಟೋಪಿ ತೆಗೆದು ದೊಡ್ಡಪ್ಪನವರ ಕೈಗೆ ಕೊಟ್ಟು ಹಳದಿ ಚೌಕದ ನಡುವೆ ನಿಂತರು. ಒಡತಿ ಹೆಡ್‌ಸೆಟ್ ತೊಡಿಸಿದರು.

ಮೊದಲು ಕತ್ತಲು. ಆಮೇಲೆ ನೀರಿನ ಸದ್ದು, ಕಾಲಡಿಯಲ್ಲಿ, ಎಷ್ಟು ಹತ್ತಿರವೆಂದರೆ ಇನ್‌ಸ್ಪೆಕ್ಟರ್ ಒಂದು ಹೆಜ್ಜೆ ಹಿಂದೆ ಸರಿದರು. ಕಣ್ಣೆದುರು ಮಂಜು ಸೀಳಿಕೊಂಡು ಮರದ ಕಟ್ಟೆಯೊಂದು ಬಂತು. ಹಲಗೆಗಳ ಸಂದಿಯಲ್ಲಿ ಅಲೆ ಬಾಯಿ ತೆರೆದು ಮುಚ್ಚುತ್ತಿತ್ತು. ತಲೆ ಎತ್ತಿದರೆ ಕತ್ತು ನೋಯುವಷ್ಟು ಎತ್ತರಕ್ಕೆ ದೀಪಸ್ತಂಭ, ಅದರ ತುದಿಯಲ್ಲಿ ಬೆಳಕಿಲ್ಲ. ಕಬ್ಬಿಣದ ಬಾಗಿಲು ತಳ್ಳಿದಾಗ ತುಕ್ಕಿನ ಕಿರುಗುಟ್ಟುವಿಕೆ ಹಲ್ಲಿನ ಬುಡಕ್ಕೆ ಬಂತು. ಒಳಗೆ ಗೂಟದಲ್ಲಿ ನೇತಾಡುವ ಮಳೆಯಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅಂದರೆ ಅವನು ಈಗಷ್ಟೇ ಒಳಗೆ ಬಂದಿದ್ದಾನೆ! ಸುರುಳಿ ಮೆಟ್ಟಿಲ ಮೇಲೆ ಒದ್ದೆ ಹೆಜ್ಜೆಗಳು. ಎಲ್ಲವೂ ಮೇಲಕ್ಕೆ ಹೋದವು, ಒಂದೂ ಇಳಿದು ಬಂದದ್ದಿಲ್ಲ. ಇನ್‌ಸ್ಪೆಕ್ಟರಿಗೆ ತಾವು ಕಳವಿನ ತನಿಖೆಗೆ ಬಂದವರೆಂಬುದು ಮರೆತೇಹೋಯಿತು. ಎಲ್ಲೋ ಮೇಲೆ ಒಂದು ಹಕ್ಕಿ ಗಾಜಿಗೆ ಬಡಿಯಿತು.

“ಯಾರದು ಮೇಲೆ?” ಎಂದು ಗಟ್ಟಿಯಾಗಿ ಕೂಗಿದರು.

“ನಾನಿಲ್ಲೇ ಇದೀನಿ ಮೇಡಂ,” ಎಂದಿತು ದೊಡ್ಡಪ್ಪನವರ ದನಿ, ಸಮುದ್ರದ ಆಚೆಯಿಂದ.

ಮೆಟ್ಟಿಲ ಕೊನೆಗೆ ಕಾವಲುಗಾರನ ಕೋಣೆ. ಒಂದು ಮಂಚ, ಗೋಡೆಗೆ ಮುಳ್ಳು ತಿರುಗಿಸಬಹುದಾದ ಗಡಿಯಾರ, ಸ್ಟೂಲಿನ ಮೇಲೆ ಒಂದು ಲೋಟ ಟೀ, ಅದರಿಂದ ಏಳುವ ಹಬೆ. ಎದುರಿಗೆ ಬಾಗಿಲು. ಹಿಡಿಯಿಲ್ಲ, ಕೀಲಿಯ ತೂತಿಲ್ಲ. ಹತ್ತಿರ ಹೋಗುತ್ತಿದ್ದಂತೆ ಗಾಳಿ ಎದ್ದಿತು, ಗಾಳಿಯೊಳಗೆ ಆ ದನಿ ಬಂತು. ಅರ್ಧ ಗಾಳಿ ನುಂಗಿತು, ಅರ್ಧ ಕೇಳಿಸಿತು: “ಆರು... ಮುಂಚೆ... ಏಳು.”

ಗಡಿಯಾರವಿದೆ, ಅಂಕಿಯಿದೆ. ಇನ್ನೇನು ಬೇಕು? ಇನ್‌ಸ್ಪೆಕ್ಟರ್ ಮುಳ್ಳನ್ನು ಆರಕ್ಕೆ ತಂದರು, ಏಳಕ್ಕೆ ತಂದರು. ಏಳಕ್ಕೆ ಇಟ್ಟು ಆರಕ್ಕೆ ಇಳಿಸಿದರು. ಆರಕ್ಕೆ ಏಳು ನಿಮಿಷವಿದೆ ಎಂಬಂತೆ ನಿಲ್ಲಿಸಿದರು. ಬಾಗಿಲು ಮಿಸುಕಲಿಲ್ಲ. “ಅದೆಲ್ಲ ನಾವು ನಿನ್ನೆಯಿಂದ ಮಾಡ್ತಾನೇ ಇದೀವಿ ಮೇಡಂ,” ಎಂದ ಕಡ್ಡಿ. ಒಡತಿಗೆ ಬೇರೊಂದು ಊಹೆಯಿತ್ತು. “ಆರೋದು ಅಂದ್ರೆ ದೀಪ ಆರೋದು ಇರಬಹುದಾ? ದೀಪ ಆರೋ ಮುಂಚೆ ಏಳು ಏನೋ ಹುಡುಕ್ಬೇಕಾ? ಏಳು ಲಾಟೀನು, ಏಳು ಕೀಲಿ...” ಏಳು ಏನೂ ಸಿಗಲಿಲ್ಲ.

ದೊಡ್ಡಪ್ಪನವರ ಸರದಿ ಬಂದಾಗ ಅವರು ಕಟ್ಟೆಯ ಹಲಗೆ ನೋಡಿದ್ದೇ ಕಡ್ಡಿಯ ತೋಳು ಹಿಡಿದು ಜಮಖಾನೆಯ ಮೇಲೆ ಕೂತುಬಿಟ್ಟರು. “ನನಗೆ ಈಜು ಬರಲ್ಲ ಮೇಡಂ,” ಎಂದರು. ಅಲ್ಲಿಗೆ ಅವರ ಸ್ಥಳ ಪರಿಶೀಲನೆ ಮುಗಿಯಿತು.

ಮಧ್ಯಾಹ್ನ ವಿಚಾರಣೆ. ಮೊದಲು ಕಡ್ಡಿ.

“ಹೋದ ತಿಂಗಳು ಒಡತಿ ಜತೆ ಜಗಳ ಆಡಿದ್ದು ನಿಜಾನಾ?”

“ನಿಜ. ಆಟದ ಕೊನೆ ನನಗೆ ಹಿಡಿಸ್ಲಿಲ್ಲ.”

“ಅದಕ್ಕೆ ಕೊನೇನೇ ಕದ್ದುಬಿಟ್ರಾ?”

“ನಾನಾಗಿದ್ರೆ ಅಳಿಸಿ ಹಾಕ್ತಿದ್ದೆ. ಎರಡು ನಿಮಿಷದ ಕೆಲಸ. ಇಲ್ಲಿ ನೋಡಿ, ಇವನು ಕೂತು ಬಾಗಿಲು ಮಾಡಿದಾನೆ. ಅದಕ್ಕೆ ತಿರುಗಣಿ ಹಾಕಿದಾನೆ. ಅಂದ್ರೆ ಅದು ತೆಗೆಯೋ ಬಾಗಿಲು. ಉತ್ತರ ಇದ್ದೇ ಇದೆ. ಉತ್ತರ ಇಲ್ಲದ ಬೀಗ ಹಾಕೋದು ನಮ್ಮ ಕಸುಬಲ್ಲಿ ಪಾಪ ಮೇಡಂ.”

“ಭಾನುವಾರ ಎಲ್ಲಿದ್ರಿ?”

“ಅಕ್ಕ ಮನೆ ಬದಲಾಯಿಸಿದ್ಲು. ಸಾಮಾನು ಹೊರ್ತಿದ್ದೆ.”

ಅಕ್ಕನನ್ನೂ ಲಾರಿಯವನನ್ನೂ ಕೇಳಿದ್ದಾಯಿತು. ಇಡೀ ದಿನ ಹೊತ್ತಿದ್ದು ನಿಜ. ಬೀರು ಹೊರುವಾಗ ಕಡ್ಡಿ ಮುರಿಯಲಿಲ್ಲವೆಂಬುದೇ ಆಶ್ಚರ್ಯ ಎಂದ ಲಾರಿಯವನು.

ಇನ್‌ಸ್ಪೆಕ್ಟರ್ ಕಿವಿಗೆ ಫೋನ್ ಮಾಡಿ ಆ ದನಿಯ ತುಣುಕನ್ನು ಕಳಿಸಿಕೊಟ್ಟರು.

“ಕೇಳಿದ್ರಾ? ಯಾರ ದನಿ?”

“ಗಾಳಿ ಜಾಸ್ತಿ ಇದೆ ಮೇಡಂ. ಗುರುತು ಹಿಡಿಯೋದು ಕಷ್ಟ.”

“ಏನು ಹೇಳ್ತಿದಾಳೆ?”

“ನಿಮಗೆ ಏನು ಕೇಳಿಸ್ತು?”

“ಆರು ಮುಂಚೆ ಏಳು.”

ಅತ್ತ ಕಡೆಯಿಂದ ನಗುವಿನಂಥ ಒಂದು ಸಣ್ಣ ಉಸಿರು. “ಹಾಗೇ ಇರಬೇಕು,” ಎಂದ ಕಿವಿ. ಅವನ ಹಿಂದೆ ಎಲ್ಲೋ ಸೈಕಲ್ ಬೆಲ್ಲು ಟ್ರಿಣ್ ಎಂದಿತು. ಬೀದಿಯಲ್ಲಿ ಯಾರೋ ಹೋದರೆಂದುಕೊಂಡರು ಇನ್‌ಸ್ಪೆಕ್ಟರ್. ಗುರುವಾರ ಠಾಣೆಗೆ ಬಂದು ಹೇಳಿಕೆ ಕೊಡುವಂತೆ ಸೂಚಿಸಿ ಫೋನ್ ಇಟ್ಟರು. ಪೊಲೀಸರ ಕಿವಿಯ ಮೇಲೆ ಕಿವಿ ಹೂವಿಟ್ಟಿದ್ದು ಹೀಗೆ.

ಬುಧವಾರ ಬೆಳಿಗ್ಗೆ ಇನ್‌ಸ್ಪೆಕ್ಟರ್ ಮನೆಯಲ್ಲಿ ಎಂದಿನ ಯುದ್ಧ. ಎಂಟನೇ ಕ್ಲಾಸಿನ ಮಗಳು ಹೊದಿಕೆಯೊಳಗೆ, ತಾಯಿ ಸಮವಸ್ತ್ರದಲ್ಲಿ, ಹಾಲಿನ ಲೋಟ ಇಬ್ಬರ ನಡುವೆ.

“ಏಳೇ. ಹಾಲು ಆರೋಗುತ್ತೆ.”

“ಐದು ನಿಮಿಷ ಅಮ್ಮಾ.”

“ಬಿಸಿ ಮಾಡಿ ಮಾಡಿ ಸಾಕಾಯ್ತು. ಆರೋ ಮುಂಚೆ ಏಳು!”

ಹೇಳಿದ ಮಾತು ಬಾಯಿಯಿಂದ ಹೊರಟು ಗೋಡೆಗೆ ತಾಗಿ ತಮ್ಮದೇ ಕಿವಿಗೆ ವಾಪಸು ಬಂದಂತಾಯಿತು. ಇನ್‌ಸ್ಪೆಕ್ಟರ್ ಲೋಟ ಹಿಡಿದಲ್ಲೇ ನಿಂತರು. ಮಗಳು ತಾನಾಗಿ ಎದ್ದು ಕೂತಳು. “ಎದ್ದೆ ಅಮ್ಮಾ. ಯಾಕೆ ಹಾಗೆ ನೋಡ್ತೀಯಾ?”

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದೆಂದರೆ ಇದೇ. ದಿನಾ ಬೆಳಗಾದರೆ ತಾವೇ ಹೇಳುವ ಮಾತು! ಇನ್‌ಸ್ಪೆಕ್ಟರ್ ಅಲ್ಲೇ ಫೋನ್ ಎತ್ತಿದರು.

“ದೊಡ್ಡಪ್ಪ, ಎಫ್‌ಐಆರ್‌ನಲ್ಲಿ ಆ ಮುದುಕಿ ಮಾತು ಹೇಗೆ ಬರೆದಿದೀರಿ?”

“6 ಮುಂಚೆ 7, ಮೇಡಂ.”

“ಅಂಕಿ ಬಿಟ್ಟು ಅಕ್ಷರದಲ್ಲಿ ಬರೀರಿ. ಬರೆದು ಜೋರಾಗಿ ಓದಿ.”

“ಆರು ಮುಂಚೆ ಏಳು.”

“ಇನ್ನೊಂದ್ಸಲ. ನಿದ್ದೆಯಲ್ಲಿ ಇರೋರಿಗೆ ಹೇಳೋ ಹಾಗೆ.”

“ಆರು... ಆರೋ ಮುಂಚೆ...” ಅತ್ತ ಕುರ್ಚಿ ಸರಿದ ಸದ್ದು. “ಅಯ್ಯೋ ಮೇಡಂ! ನಮ್ಮನೆಯವಳು ದಿನಾ ಬೆಳಿಗ್ಗೆ ನನಗೆ ಹೇಳೋದೇ ಇದು!”

ಎಂಟೂವರೆಗೆ ಎಲ್ಲರೂ ಹಳದಿ ಚೌಕದ ಸುತ್ತ ಸೇರಿದ್ದರು. “ಅದು ಲೆಕ್ಕ ಅಲ್ಲ,” ಎಂದರು ಇನ್‌ಸ್ಪೆಕ್ಟರ್. “ಯಾರನ್ನೋ ಎಬ್ಬಿಸ್ತಿರೋದು. ಆರೋದು ದೀಪ ಅಲ್ಲ, ಸ್ಟೂಲಿನ ಮೇಲಿರೋ ಟೀ. ಆ ಹಬೆ ನಿಮ್ಮದಾ?”

ಒಡತಿ ಹಣೆ ಚಚ್ಚಿಕೊಂಡರು. “ನಮ್ಮ ಲೋಟ ಖಾಲಿ ಇತ್ತು. ಕಣ್ಣೆದುರೇ ಇತ್ತಲ್ಲ ಮೇಡಂ!”

ಏಳಬೇಕೆಂದರೆ ಮೊದಲು ಮಲಗಬೇಕು. ಹೆಡ್‌ಸೆಟ್ ತೊಟ್ಟು, ಕಟ್ಟೆ ದಾಟಿ, ಸುರುಳಿ ಮೆಟ್ಟಿಲು ಏರಿ, ಇನ್‌ಸ್ಪೆಕ್ಟರ್ ಆ ಮಂಚವಿದ್ದ ಜಾಗದಲ್ಲಿ, ಅಂದರೆ ಕಪ್ಪು ಜಮಖಾನೆಯ ಮೇಲೆ, ಸಮವಸ್ತ್ರದಲ್ಲೇ ಉದ್ದಕ್ಕೆ ಮಲಗಿದರು. ದೊಡ್ಡಪ್ಪ ಗೌರವಕ್ಕಾಗಿ ಕಿಟಕಿಯ ಕಡೆ ಮುಖ ತಿರುಗಿಸಿದರು. ಮಲಗಿದ ಮೇಲೆ ಗಾಳಿ ನಿಂತಿತು. ಇಷ್ಟು ದಿನ ದನಿಯನ್ನು ನುಂಗುತ್ತಿದ್ದ ಗಾಳಿ, ಮಲಗಿದವರಿಗೆ ಮಾತ್ರ ನಿಲ್ಲುತ್ತಿತ್ತು. ಪಕ್ಕದಲ್ಲೇ ಕೂತು ಹೇಳಿದಂತೆ, ಬೈಗುಳವೂ ಮುದ್ದೂ ಬೆರೆತ ದನಿ ಬಂತು: “ಆರೋ ಮುಂಚೆ ಏಳು.”

ಇನ್‌ಸ್ಪೆಕ್ಟರ್ ತಡೆಯದೆ ಎದ್ದು ಕೂತರು. ಬಾಗಿಲು ತೆರೆಯಿತು.

“ತೆಗೀತು!” ಎಂದು ಅವರು ಕೂಗಿದ್ದಕ್ಕೆ ಕೆಳಗಿನ ಅಂಗಡಿಯ ದರ್ಜಿ ಕತ್ತರಿ ಹಿಡಿದೇ ಮೇಲೆ ಓಡಿಬಂದ. ಬಂದದ್ದು ಒಳ್ಳೆಯದೇ ಆಯಿತು, ಪಂಚನಾಮೆಗೆ ಇಬ್ಬರು ಪಂಚರು ಬೇಕಿತ್ತು. ಅವನನ್ನೂ ಕನ್ನಡಕದ ಅಂಗಡಿಯವರನ್ನೂ ಹಿಡಿದು ನಿಲ್ಲಿಸಲಾಯಿತು. ಆಫೀಸಿನಲ್ಲಿದ್ದ ನಾಲ್ಕು ಹೆಡ್‌ಸೆಟ್‌ಗಳು ನಾಲ್ಕು ತಲೆಗೇರಿದವು. ದೊಡ್ಡಪ್ಪ ಕಣ್ಣು ಮುಚ್ಚಿಕೊಂಡೇ ಸಮುದ್ರ ದಾಟಿದರು. ಜನ್ಮವಿಡೀ ಊರವರಿಗೆ ಕನ್ನಡಕ ಹಾಕಿದ ಅಂಗಡಿಯವರು, ತಮಗೇ ಇಷ್ಟು ದೊಡ್ಡ ಕನ್ನಡಕ ಬಿದ್ದದ್ದಕ್ಕೆ ನಕ್ಕು ನಕ್ಕು ಸುಸ್ತಾದರು.

ಬಾಗಿಲಾಚೆ ದೀಪದ ಕೋಣೆ ಇರಲಿಲ್ಲ. ಅಲ್ಲಿದ್ದದ್ದು ಒಂದು ಅಡುಗೆಮನೆ.

ಯಾರೋ ಚಿತ್ರದಂತೆ ಬಿಡಿಸಿದ ಅಡುಗೆಮನೆಯಲ್ಲ ಅದು. ಎಣ್ಣೆ ಹಿಡಿದ ಗೋಡೆ, ಎರಡು ಒಲೆಯ ಗ್ಯಾಸ್ ಸ್ಟೌವ್, ಒಂದರ ಕೆಳಗೆ ಮಡಚಿಟ್ಟ ರಟ್ಟಿನ ಚೂರು, ಮೂಲೆ ಒಡೆದ ಸಿಂಕು, ಬಾಗಿಲ ಹಿಂದೆ ಯಾರಿಗೂ ಕಾಣದ ಜಾಗದಲ್ಲಿ ಲೈಟಿನ ಸ್ವಿಚ್ಚು. “ಇದು ಅಳೆದು ತಂದದ್ದು,” ಎಂದರು ಒಡತಿ ಹೊರಗಿನಿಂದ, ಪರದೆ ನೋಡುತ್ತ. “ನಿಜವಾದ ಕೋಣೇನ ಇದ್ದ ಹಾಗೇ ಆಟದೊಳಗೆ ತರೋ ಕ್ಯಾಮೆರಾ ನಮ್ಮಲ್ಲಿದೆ. ಈ ಅಡುಗೆಮನೆ ಎಲ್ಲೋ ಇದೆ ಮೇಡಂ!”

ಇನ್‌ಸ್ಪೆಕ್ಟರ್ ದೊಡ್ಡಪ್ಪನವರ ಕಡೆ ತಿರುಗಿದರು. ಕಳ್ಳ ತನ್ನ ವಿಳಾಸವನ್ನೇ ಕಟ್ಟಿ ನಿಲ್ಲಿಸಿದ್ದಾನೆ. “ಬರೀರಿ ದೊಡ್ಡಪ್ಪ. ಒಂದೂ ಬಿಡಬೇಡಿ.”

“ಚಕ್ಕುಬಂದಿ ಏನಂತ ಬರೀಲಿ ಮೇಡಂ? ಪೂರ್ವಕ್ಕೆ?”

“ಸಮುದ್ರ.”

“ಪಶ್ಚಿಮಕ್ಕೆ?”

“ಸಮುದ್ರ.”

“ಉತ್ತರ, ದಕ್ಷಿಣ ಎರಡಕ್ಕೂ ಅದನ್ನೇ ಹಾಕ್ತೀನಿ,” ಎಂದ ದೊಡ್ಡಪ್ಪ ಹೆಡ್‌ಸೆಟ್ ಹಣೆಗೇರಿಸಿ ಬರೆದರು. ಮತ್ತೆ ಒಳಹೊಕ್ಕು, ಬಾಗಿಲ ಮೇಲಿನ ಪಟ್ಟಿ ತಗ್ಗಾಗಿದೆಯೆಂದು ಖಾಲಿ ಗಾಳಿಗೆ ತಲೆ ಬಗ್ಗಿಸಿದರು. ದರ್ಜಿ ಗೇಣು ಹಾಕಿ ಹಾಕಿ ಒಲೆಯ ಕಟ್ಟೆಯ ಎತ್ತರ ಹೇಳಿದ. “ಇಲ್ಲಿ ಅಡುಗೆ ಮಾಡೋರು ಕುಳ್ಳಗಿದಾರೆ ಮೇಡಂ. ನನ್ನ ಮಾತು ಬರ್ಕೊಳ್ಳಿ.”

ಎಲ್ಲವನ್ನೂ ಮುಟ್ಟಿ ನೋಡಿದರು. ನಲ್ಲಿ ತಿರುಗಿಸಿದರೆ ನೀರಿನ ಸದ್ದು, ಪಾತ್ರೆ ತಟ್ಟಿದರೆ ಪಾತ್ರೆಯ ಸದ್ದು. ಒಲೆಯ ಪಕ್ಕದ ಮರದ ಹಲಗೆಗೆ ಒಂದು ಸೈಕಲ್ ಬೆಲ್ಲು ಜಡಿದಿತ್ತು. ಕನ್ನಡಕದವರು ಅದನ್ನು ಒತ್ತಿದರು. ಸದ್ದಾಗಲಿಲ್ಲ. ಇನ್ನೊಮ್ಮೆ ಒತ್ತಿದರು.

“ಇಡೀ ಆಟದಲ್ಲಿ ಸದ್ದಿಲ್ಲದ ವಸ್ತು ಅದೊಂದೇ,” ಎಂದ ಕಡ್ಡಿ. “ಮಂಜಿಗೂ ಸದ್ದು ಕೊಟ್ಟಿದೀವಿ ನಾವು.”

“ಅಡುಗೆಮನೆಗೆ ಸೈಕಲ್ ಬೆಲ್ಲು ಯಾಕೆ ಬೇಕು?” ಎಂದರು ಇನ್‌ಸ್ಪೆಕ್ಟರ್. ಕೇಳಿದ್ದು ತಮಗೆ ತಾವೇ. ಒಲೆ ಮುಂದೆ ನಿಂತವರು ಮನೆಯವರನ್ನು ಕರೆಯಬೇಕಾದರೆ ಬಾಯಿ ಇದೆಯಲ್ಲ, ಕೂಗಿದರಾಯಿತು. ಕೂಗಲಾಗದವರಿಗೆ ಮಾತ್ರ ಬೆಲ್ಲು ಬೇಕು. ಅಷ್ಟರಲ್ಲಿ ನಿನ್ನೆಯ ಫೋನಿನ ಟ್ರಿಣ್ ನೆನಪಾಯಿತು. ಅವರು ಹೆಡ್‌ಸೆಟ್ ಕಿತ್ತು ತೆಗೆದರು.

“ಕಿವಿ ತಾಯಿಗೆ ಯಾವ ಆಪರೇಷನ್?”

ಒಡತಿಯ ಮುಖ ಬಿಳಿಚಿಕೊಂಡಿತು. “ಗಂಟಲದು. ಧ್ವನಿಪೆಟ್ಟಿಗೆ ತೆಗೆದುಬಿಟ್ರಂತೆ.” ಆಮೇಲೆ, “ಹೋದ ವಾರ ಅವನು ಡಿಸ್ಕನ್ನ ಒಂದು ವಾರ ಕೊಡಿ ಅಂದಿದ್ದ. ಶುಕ್ರವಾರ ಆಗ್ಲಿ ಮಾರಾಯ ಅಂತ ನಕ್ಕುಬಿಟ್ಟೆ,” ಎಂದರು.

ಹನ್ನೊಂದು ಗಂಟೆಗೆ ಜೀಪು ಕಿವಿಯ ಮನೆಯ ಮುಂದೆ ನಿಂತಿತು. ಉದ್ದ ಸಾಲಿನ ಮೂರನೇ ಮನೆ. ಡಿಸ್ಕು ಗುರುತಿಸಲು ಒಡತಿಯೂ, ಪಂಚರಾಗಿ ದರ್ಜಿ ಮತ್ತು ಕನ್ನಡಕದವರೂ ಬಂದಿದ್ದರು. ಬಾಗಿಲು ಬರೀ ಮುಂದೆ ಮಾಡಿತ್ತು. ಹಜಾರ ದಾಟಿದರೆ ಎದುರಿಗೇ ಆ ಅಡುಗೆಮನೆ. ಕಾಲಿಡುವ ಮೊದಲೇ ದೊಡ್ಡಪ್ಪ ತಲೆ ಬಗ್ಗಿಸಿದರು. ಒಳಗೆ ಮಬ್ಬಾಗಿತ್ತು. ಇನ್‌ಸ್ಪೆಕ್ಟರ್ ನೋಡದೆಯೇ ಬಾಗಿಲ ಹಿಂದೆ ಕೈ ಹಾಕಿ ಸ್ವಿಚ್ಚು ಒತ್ತಿದರು. ಎಂದೂ ಬರದ ಮನೆಯಲ್ಲಿ ಕೈ ತಾನಾಗಿ ಸ್ವಿಚ್ಚಿಗೆ ಹೋದದ್ದು ಅವರಿಗೇ ವಿಚಿತ್ರವೆನಿಸಿತು.

ನೆಲದ ಮೇಲೆ ಕೂತಿದ್ದವನು ಹೆಡ್‌ಫೋನ್ ತೆಗೆದು ತಲೆ ಎತ್ತಿದ. ಮೂವತ್ತೈದರ, ಗಡ್ಡ ಬಿಟ್ಟ, ಕೆಂಪು ಕಣ್ಣಿನ ಗಂಡಸು. ಮುಂದೆ ಲ್ಯಾಪ್‌ಟಾಪು, ಅದಕ್ಕೆ ಜೋಡಿಸಿದ ಎರಡು ಡಿಸ್ಕು. ಓಡಲಿಲ್ಲ, ಬೆದರಲಿಲ್ಲ. ಮುಖ ಅರಳಿಸಿಕೊಂಡು ಕೇಳಿದ ಮೊದಲ ಮಾತು ಇದು:

“ಬಾಗಿಲು ತೆಗೀತಾ?”

“ತೆಗೀತು.”

“ಕಷ್ಟ ಆಯ್ತಾ?”

“ಎರಡು ದಿನ. ಗಾಳಿ ಸ್ವಲ್ಪ ಜಾಸ್ತಿ ಹಾಕಿದ್ರಿ.” ಹೇಳಿಬಿಟ್ಟ ಮೇಲೆ ಇನ್‌ಸ್ಪೆಕ್ಟರ್ ಸಾವರಿಸಿಕೊಂಡು ದನಿ ಗಟ್ಟಿ ಮಾಡಿದರು. “ಡಿಸ್ಕು ಯಾಕೆ ತಂದ್ರಿ?”

“ಎರಡು ವರ್ಷದ ಹಿಂದೆ ಹೊಸ ಮೈಕು ಬಂದಿತ್ತು. ಪರೀಕ್ಷೆ ಮಾಡ್ಬೇಕಿತ್ತು. ಅವತ್ತು ಅಮ್ಮ ಆಫೀಸಿಗೆ ಬಂದಿದ್ಲು. ಏನಾದ್ರೂ ಮಾತಾಡು ಅಂದೆ. ಮುಕ್ಕಾಲು ಗಂಟೆ ಮಾತಾಡಿದ್ಲು. ಆಮೇಲೆ ಡಿಸ್ಕಲ್ಲಿ ಜಾಗ ಇಲ್ಲ, ಕಸ ತೆಗಿ ಅಂದ್ರು. ತೆಗೆದೆ. ನನ್ನ ಕೈಯಾರೆ.”

“ಬೇರೆ ಎಲ್ಲೂ ಇಲ್ವಾ? ಫೋನಿನಲ್ಲಿ?”

“ದಿನವಿಡೀ ಎದುರಿಗೇ ಮಾತಾಡೋಳನ್ನ ಯಾರು ರೆಕಾರ್ಡ್ ಮಾಡ್ತಾರೆ ಮೇಡಂ? ಊರಲ್ಲಿರೋ ಬಾಗಿಲು, ಬಕೆಟ್ಟು, ಕಪ್ಪೆ, ಎಲ್ಲದರ ಸದ್ದು ಹಿಡಿದಿದೀನಿ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗಾಯ್ತು ನನ್ನ ಕತೆ. ಅಳಿಸಿದ್ದು ಪೂರ್ತಿ ಹೋಗಲ್ಲ. ಅದರ ಮೇಲೆ ಬೇರೆ ಏನಾದ್ರೂ ಬರೆಯೋವರೆಗೂ ಡಿಸ್ಕಲ್ಲೇ ಚೂರು ಚೂರಾಗಿ ಇರತ್ತೆ. ಶುಕ್ರವಾರ ಆಟ ಒಪ್ಪಿಸಿದ ಮೇಲೆ ಡಿಸ್ಕನ್ನ ತೊಳೆದುಬಿಡ್ತಾರೆ, ಕರಾರಿನಲ್ಲಿದೆ. ನನಗೆ ಅಷ್ಟರೊಳಗೆ ಹೆಕ್ಕಬೇಕಿತ್ತು.”

“ಬಾಗಿಲು ಯಾಕೆ ಕಟ್ಟಿದ್ರಿ?”

“ಡಿಸ್ಕು ಖಾಲಿ ಕಂಡ್ರೆ ಆ ಗಳಿಗೆಗೇ ನಿಮ್ಮ ಹತ್ರ ಬರ್ತಿದ್ರು. ಆಟ ಕಟ್ಟೋರಿಗೆ ಬೀಗ ತೋರಿಸಿದ್ರೆ ಸಾಕು, ತೆಗೆಯೋವರೆಗೂ ಅಲ್ಲಿಂದ ಏಳಲ್ಲ. ಒಂದು ದಿನ ಉಳೀತು. ಭಾನುವಾರವೇ ಸಿಕ್ಕ ಅಮ್ಮನ ಒಂದು ಚೂರು ಮಾತನ್ನ ಬಾಗಿಲಿಗೆ ಹಾಕಿ, ಅವಳು ಅದನ್ನ ಹೇಳ್ತಿದ್ದ ಅಡುಗೆಮನೇನ ಅದರ ಹಿಂದೆ ಇಟ್ಟೆ.”

“ಉತ್ತರ ಇಲ್ಲದ ಬೀಗ ಹಾಕಿದ್ರೆ ನೀವು ಸಿಗ್ತಾನೇ ಇರ್ಲಿಲ್ಲ.”

“ಹೌದು,” ಎಂದ ಕಿವಿ. “ಮನಸ್ಸು ಬರ್ಲಿಲ್ಲ ಮೇಡಂ. ಮೋಸ ಆಗತ್ತೆ.”

ಒಡತಿ ಬಾಗಿಲಲ್ಲೇ ನಿಂತಿದ್ದರು. ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಕಟ್ಟಿಕೊಂಡು ಬಂದಿದ್ದರು. “ಆಟ ಹಾಗೇ ಇದೆಯೇನೋ?” ಎಂದರು ಕೊನೆಗೆ.

“ಒಂದು ಅಕ್ಷರ ಮುಟ್ಟಿಲ್ಲ. ನೀವು ಶುಕ್ರವಾರ ಕೊಡಬಹುದು.”

ದೂರು ವಾಪಸು ಪಡೆಯುವ ಮಾತನ್ನು ಒಡತಿ ಆಡಲಿಲ್ಲ. ನಾಲ್ಕು ವರ್ಷದ ದುಡಿಮೆಯನ್ನು ಎರಡು ದಿನ ಸತ್ತಂತೆ ಕಂಡವರು ಅವರು. ಇನ್‌ಸ್ಪೆಕ್ಟರ್ ಅದನ್ನು ಕೇಳಲೂ ಇಲ್ಲ. ಕಾನೂನು ತನ್ನ ದಾರಿಯಲ್ಲಿ ನಡೆಯಿತು. ಕಿವಿಯನ್ನು ಬಂಧಿಸಲಾಯಿತು, ಡಿಸ್ಕುಗಳ ಜಪ್ತಿ ಪಂಚನಾಮೆ ಅಲ್ಲೇ ಒಲೆಯ ಕಟ್ಟೆಯ ಮೇಲೆ ಶುರುವಾಯಿತು. ಶುಕ್ರವಾರದೊಳಗೆ ಆಟದ ಪ್ರತಿ ಒಡತಿಗೆ ಸಿಗುವಂತೆ ನ್ಯಾಯಾಲಯಕ್ಕೆ ಅರ್ಜಿ ಹೋಗಬೇಕಿತ್ತು. ಅದನ್ನು ಬರೆಸುತ್ತ ಇನ್‌ಸ್ಪೆಕ್ಟರ್ ಇನ್ನೊಂದು ಪತ್ರವನ್ನೂ ಬರೆಸಿದರು, ವಿಧಿವಿಜ್ಞಾನ ಪ್ರಯೋಗಾಲಯಕ್ಕೆ: ‘ಸದರಿ ಡಿಸ್ಕುಗಳ ಮೇಲೆ ಹೊಸದಾಗಿ ಏನನ್ನೂ ಬರೆಯದೆ, ಅಳಿಸಿಹೋಗಿರುವ ಎಲ್ಲಾ ಧ್ವನಿಗಳನ್ನು ಪೂರ್ತಿಯಾಗಿ ಹೊರತೆಗೆದು, ಕೇಳಲು ಬರುವಂತೆ ಕಳುಹಿಸಿಕೊಡುವುದು.’ ತನಿಖೆಗೆ ಅದು ಬೇಕಾದದ್ದೇ. ಕಿವಿ ಒಮ್ಮೆ ಅವರ ಮುಖ ನೋಡಿ, ತಲೆ ತಗ್ಗಿಸಿ, ತೋಳಿನಿಂದ ಕಣ್ಣೊರೆಸಿಕೊಂಡ.

ಉಳಿದದ್ದು ದನಿಯ ಗುರುತು. ದರ್ಜಿ ಹೇಳಿದ ಹಾಗೆಯೇ ಕುಳ್ಳಗಿದ್ದ ತಾಯಿ ಇಷ್ಟು ಹೊತ್ತೂ ಒಲೆಯ ಮುಂದೆ ಬೆನ್ನು ಮಾಡಿ ಟೀ ಕುದಿಸುತ್ತಿದ್ದರು. ಕುತ್ತಿಗೆಗೆ ಬಿಳಿ ಬಟ್ಟೆಯ ಕಟ್ಟು. ಮನೆಗೆ ಬಂದವರು ಪೊಲೀಸರಾದರೂ ಬಂದವರೇ. ಇನ್‌ಸ್ಪೆಕ್ಟರ್ ಹೆಡ್‌ಫೋನನ್ನು ಅವರ ಕಿವಿಗಿಟ್ಟರು.

“ಇದು ಯಾರ ದನಿ ಅಮ್ಮಾ?”

ಅವರು ಕೇಳಿದರು. ಕಣ್ಣು ದೊಡ್ಡದಾಯಿತು. ತಮ್ಮ ಎದೆಯನ್ನು ಬೆರಳಿನಿಂದ ತಟ್ಟಿ ತೋರಿಸಿದರು. ಆಮೇಲೆ ಮಗನ ಕಡೆ ನೋಡಿ ಸದ್ದಿಲ್ಲದೆ, ಭುಜ ಕುಣಿಸಿ ನಕ್ಕರು. ಮುಕ್ಕಾಲು ಗಂಟೆಯ ಮಾತಿನಲ್ಲಿ ಇವನಿಗೆ ಸಿಕ್ಕಿದ್ದು ಬೈಗುಳವೇ ಎಂದು ಆ ನಗು ಹೇಳುತ್ತಿತ್ತು.

“ಈ ದನಿ ಆಟದಲ್ಲೇ ಇರಲಿ ಅಂದ್ರೆ ಇಟ್ಕೋಬಹುದಾ ಮೇಡಂ?” ಎಂದು ಒಡತಿ ಮೆಲ್ಲಗೆ ಕೇಳಿದರು.

“ನನ್ನನ್ನ ಯಾಕೆ ಕೇಳ್ತೀರಿ? ದನಿ ಯಾರದೋ ಅವರನ್ನ ಕೇಳಿ.”

ಒಡತಿ ಕೇಳಿದರು. ತಾಯಿ ಲೋಟಗಳಿಗೆ ಟೀ ಬಗ್ಗಿಸುತ್ತಲೇ, ಆಗಲಿ ಎಂದು ತಲೆ ಅಲ್ಲಾಡಿಸಿದರು. ಮೊದಲ ಲೋಟ ಮಗನ ಮುಂದಿಟ್ಟರು, ಆಮೇಲೆ ಉಳಿದವರಿಗೆ. ಯಾರೂ ಮುಟ್ಟಲಿಲ್ಲ. ದೊಡ್ಡಪ್ಪ ಬರೆಯುತ್ತಿದ್ದರು, ಪಂಚರು ಸಹಿ ಹಾಕುತ್ತಿದ್ದರು, ಮಗ ಮಂಡಿಯ ಮೇಲೆ ಕೈ ಇಟ್ಟು ನೆಲ ನೋಡುತ್ತಿದ್ದ.

ತಾಯಿ ಹಲಗೆಯ ಕಡೆ ಕೈ ಚಾಚಿ ಬೆಲ್ಲು ಒತ್ತಿದರು. ಟ್ರಿಣ್. ಆ ಸಣ್ಣ ಕೋಣೆಯಲ್ಲಿ ಎಲ್ಲರೂ ಬೆಚ್ಚಿ ತಲೆ ಎತ್ತಿದರು.

“ಏನಂತೆ?” ಎಂದರು ಇನ್‌ಸ್ಪೆಕ್ಟರ್.

“ಆರೋಗುತ್ತೆ ಅಂತಿದಾಳೆ,” ಎಂದ ಕಿವಿ.

ಎಲ್ಲರೂ ಲೋಟ ಎತ್ತಿಕೊಂಡರು. ದೊಡ್ಡಪ್ಪ ಒಂದು ಗುಟುಕು ಕುಡಿದು, ಪೆನ್ನು ಹಿಡಿದು, ಇನ್‌ಸ್ಪೆಕ್ಟರ್ ಕಡೆ ತಿರುಗಿದರು.

“ಇದನ್ನೂ ಬರೀಲಾ ಮೇಡಂ?”

“ಬರೀರಿ,” ಎಂದರು ಅವರು. “ಅಕ್ಷರದಲ್ಲಿ.”